ಕಾಯುವ ಕೆಲಸಕ್ಕೆ ಸರಿ, ದುಡಿಯುವ ಕೆಲಸಕ್ಕೆ ಸಾಲದು: ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ಅಸಿಂಕ್–ಅವೇಟ್

ಮೈಕ್ರೋಸಾಫ್ಟ್ ಸಂಸ್ಥೆ 2012ರಲ್ಲಿ ಸಿ ಶಾರ್ಪ್ ಪ್ರೋಗ್ರಾಮಿಂಗ್ ಭಾಷೆಯ 5ನೇ ಆವೃತ್ತಿ ಮತ್ತು ಅದು ಓಡುವ ವೇದಿಕೆಯಾದ ಡಾಟ್‌ನೆಟ್ ಫ್ರೇಮ್‌ವರ್ಕ್ 4.5ರ ಜೊತೆಗೆ ಹೊರತಂದ ಅಸಿಂಕ್–ಅವೇಟ್ (ಉತ್ತರಕ್ಕಾಗಿ ಕಾಯುವಾಗ ತಂತ್ರಾಂಶ ನಿಲ್ಲದಂತೆ ಕೋಡ್ ಬರೆಯುವ) ಸೌಲಭ್ಯದ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ಸರ್ವರ್ ಬದಿಯ ಬಳಕೆಯನ್ನು ಮಾತ್ರ ನೋಡುತ್ತವೆ. ಅದರ ಗುಣ ದೋಷಗಳು ನಿಜವಾಗಿ ಬಯಲಾಗುವುದು ಡೆಸ್ಕ್‌ಟಾಪ್‌ನಲ್ಲಿ. ಅಲ್ಲಿ ಪರದೆಯ ಮುಂದೆ ಒಬ್ಬ ಮನುಷ್ಯ ಮೌಸ್ ಹಿಡಿದು ಕುಳಿತಿರುತ್ತಾನೆ, ಮತ್ತು ತಂತ್ರಾಂಶ ಅರೆಕ್ಷಣ ಮಂಕಾದರೂ ಅವನಿಗೆ ಗೊತ್ತಾಗುತ್ತದೆ. ಈ ವಿಮರ್ಶೆಯಲ್ಲಿ ನಾನು ವಿಂಡೋಸ್ ತಂತ್ರಾಂಶಗಳ ಪರದೆಗಳನ್ನು ಕಟ್ಟಲು ಬಳಸುವ ಎರಡು ಚೌಕಟ್ಟುಗಳಲ್ಲಿ, ಮುಖ್ಯವಾಗಿ ಡಬ್ಲ್ಯೂಪಿಎಫ್ ಚೌಕಟ್ಟಿನೊಳಗೆ, ಅಲ್ಲಲ್ಲಿ ವಿನ್‌ಫಾರ್ಮ್ಸ್ ಚೌಕಟ್ಟಿನೊಳಗೆ, ಈ ಸೌಲಭ್ಯ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಿದ್ದೇನೆ. ಇದಕ್ಕೆ ಇಟ್ಟುಕೊಂಡ ಉದಾಹರಣೆ ಸರಳವಾದದ್ದು: ಒಂದು ಫೋಲ್ಡರ್‌ನಲ್ಲಿರುವ ಸಾವಿರಾರು ಫೋಟೊಗಳನ್ನು ಓದಿ, ಕಿರುಚಿತ್ರಗಳನ್ನು ತಯಾರಿಸಿ, ಪಟ್ಟಿಯಲ್ಲಿ ತೋರಿಸಿ, ಅವುಗಳ ವಿವರವನ್ನು ಡೇಟಾಬೇಸ್‌ಗೆ ಬರೆಯುವ ತಂತ್ರಾಂಶ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡಿಸ್ಕ್ ಅಥವಾ ನೆಟ್‌ವರ್ಕ್‌ನಿಂದ ಉತ್ತರ ಬರುವವರೆಗೆ ಕಾಯುವ ಕೆಲಸವನ್ನು ಈ ಸೌಲಭ್ಯ ಅತ್ಯಂತ ಅಚ್ಚುಕಟ್ಟಾಗಿ ನಿಭಾಯಿಸುತ್ತದೆ. ಆದರೆ ಹಾಗೆ ನಿಭಾಯಿಸುವಾಗ ಯುಐ ಥ್ರೆಡ್‌ನ, ಅಂದರೆ ಪರದೆಯನ್ನು ನೋಡಿಕೊಳ್ಳುವ ಕೆಲಸದ ಎಳೆಯ, ಸರದಿಯನ್ನು ಪ್ರೋಗ್ರಾಮರನ ಕಣ್ಣಿನಿಂದ ಪೂರ್ತಿ ಮರೆಮಾಡುತ್ತದೆ. ಇದರ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಆ ಮರೆಯಲ್ಲಿ.

ಡೆಸ್ಕ್‌ಟಾಪ್ ಚೌಕಟ್ಟುಗಳೆಲ್ಲ ಒಂದೇ ಥ್ರೆಡ್ ಅನ್ನು ನೆಚ್ಚಿಕೊಂಡಿರುವುದೇಕೆ ಎಂಬ ಪ್ರಶ್ನೆ ಹಳೆಯದು. ಜಾವಾದ ಸ್ವಿಂಗ್, ಕ್ಯೂಟಿ, ಜಿಟಿಕೆ, ಡಬ್ಲ್ಯೂಪಿಎಫ್, ಎಲ್ಲವೂ ಬಟನ್ನು ಪಟ್ಟಿಗಳನ್ನು ಒಂದೇ ಥ್ರೆಡ್‌ನಿಂದ ಮುಟ್ಟಬೇಕೆಂದು ಕಟ್ಟುನಿಟ್ಟು ಮಾಡುತ್ತವೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಗ್ರಹಾಂ ಹ್ಯಾಮಿಲ್ಟನ್ 2004ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ಸರಿಯಾಗಿದೆ: ಬಳಕೆದಾರನ ಕ್ರಿಯೆಗಳು ಆಪರೇಟಿಂಗ್ ಸಿಸ್ಟಮ್‌ನಿಂದ ಮೇಲಕ್ಕೆ, ನಮ್ಮ ಕೋಡ್ ಕಡೆಗೆ ಬರುತ್ತವೆ, ನಮ್ಮ ಕೋಡ್‌ನ ಆದೇಶಗಳು ಅಲ್ಲಿಂದ ಕೆಳಕ್ಕೆ ಇಳಿಯುತ್ತವೆ, ಈ ಎರಡು ದಿಕ್ಕುಗಳಲ್ಲೂ ಲಾಕ್‌ಗಳನ್ನು (ಒಂದು ವಸ್ತುವನ್ನು ಒಮ್ಮೆಗೆ ಒಂದೇ ಥ್ರೆಡ್ ಮುಟ್ಟುವಂತೆ ಹಾಕುವ ಬೀಗಗಳನ್ನು) ಹಿಡಿಯಲು ಹೊರಟರೆ ಅವು ವಿರುದ್ಧ ಕ್ರಮದಲ್ಲಿ ಹಿಡಿಯಲ್ಪಟ್ಟು ಡೆಡ್‌ಲಾಕ್ (ಒಂದಕ್ಕಾಗಿ ಒಂದು ಕಾಯುತ್ತ ಎರಡೂ ನಿಂತುಬಿಡುವುದು) ಆಗುವುದನ್ನು ತಪ್ಪಿಸುವುದು ಬಹಳ ಕಷ್ಟ. ಆದ್ದರಿಂದ ಒಂದು ಥ್ರೆಡ್, ಅದರ ಮುಂದೆ ಸಂದೇಶಗಳ ಒಂದು ಸರದಿ, ಒಂದರ ನಂತರ ಒಂದನ್ನು ವಿಲೇವಾರಿ ಮಾಡುವ ಒಂದು ಲೂಪ್ ಎಂಬ ವಿನ್ಯಾಸ ಎಲ್ಲೆಡೆ ನೆಲೆನಿಂತಿತು. ಆ ಥ್ರೆಡ್ ಐದು ಸೆಕೆಂಡ್ ಕಾಲ ಸಂದೇಶಗಳತ್ತ ತಿರುಗಿ ನೋಡದಿದ್ದರೆ ವಿಂಡೋಸ್ ಆ ವಿಂಡೋವನ್ನು ಹ್ಯಾಂಗ್ ಆಗಿದೆ ಎಂದು ಪರಿಗಣಿಸುತ್ತದೆ. ಪರದೆ ಬೆಳ್ಳಗಾಗಿ, ಶೀರ್ಷಿಕೆಪಟ್ಟಿಯಲ್ಲಿ ತಂತ್ರಾಂಶ ಸ್ಪಂದಿಸುತ್ತಿಲ್ಲ ಎಂಬ ಸೂಚನೆ ಬರುತ್ತದೆ. ಅದಕ್ಕೂ ಬಹಳ ಮೊದಲೇ ಬಳಕೆದಾರನ ತಾಳ್ಮೆ ಮುಗಿದಿರುತ್ತದೆ. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್ ಮಾತ್ರ.

ಅವೇಟ್ ಬರುವ ಮೊದಲು ವಿನ್‌ಫಾರ್ಮ್ಸ್ ಪ್ರೋಗ್ರಾಮರುಗಳು ಪ್ರತಿ ಕಡೆಯಲ್ಲೂ ತಮ್ಮ ಕೋಡ್ ಯುಐ ಥ್ರೆಡ್‌ನ ಹೊರಗಿದೆಯೇ ಎಂದು ಇನ್‌ವೋಕ್‌ರಿಕ್ವೈರ್ಡ್ ಮೂಲಕ ಪರೀಕ್ಷಿಸಿ, ಬಿಗಿನ್‌ಇನ್‌ವೋಕ್ ಮೂಲಕ ಕೆಲಸವನ್ನು ಯುಐ ಥ್ರೆಡ್‌ಗೆ ದಾಟಿಸುತ್ತಿದ್ದರು. ಇಲ್ಲವೇ 2005ರಲ್ಲಿ ಬಂದ ಹಿನ್ನೆಲೆ ಥ್ರೆಡ್‌ನಲ್ಲಿ ಕೆಲಸ ಮಾಡಿಸುವ ಬ್ಯಾಕ್‌ಗ್ರೌಂಡ್‌ವರ್ಕರ್ ಬಳಸುತ್ತಿದ್ದರು. ಎರಡೂ ಕೆಲಸ ಮಾಡುತ್ತಿದ್ದವು, ಎರಡರಲ್ಲೂ ಒಂದು ಸರಳ ಕ್ರಮವಿಧಿ ನಾಲ್ಕಾರು ತುಂಡುಗಳಾಗಿ ಚದುರಿಹೋಗುತ್ತಿತ್ತು. ಮಧ್ಯದಲ್ಲಿ ದೋಷ ಬಂದರೆ ಅದನ್ನು ಯಾವ ತುಂಡಿನಲ್ಲಿ ಹಿಡಿಯಬೇಕು ಎಂಬುದೇ ದೊಡ್ಡ ತಲೆನೋವು. ಅವೇಟ್ ಈ ತುಂಡುಗಳನ್ನು ಮತ್ತೆ ಒಂದುಗೂಡಿಸಿತು. ಫೋಟೊ ತಂತ್ರಾಂಶದ ‘ತೆರೆ’ ಬಟನ್‌ನ ಹ್ಯಾಂಡ್ಲರ್‌ನಲ್ಲಿ (ಅದನ್ನು ಒತ್ತಿದಾಗ ಓಡುವ ಕೋಡ್‌ನಲ್ಲಿ) ಮೊದಲ ಸಾಲು ಬಟನ್ ಅನ್ನು ನಿಷ್ಕ್ರಿಯಗೊಳಿಸುತ್ತದೆ, ಎರಡನೆಯದು ಫೋಲ್ಡರ್‌ನ ಪಟ್ಟಿಯನ್ನು ಅವೇಟ್ ಮೂಲಕ ತರಿಸುತ್ತದೆ, ಮೂರನೆಯದು ಆ ಪಟ್ಟಿಯನ್ನು ಪರದೆಯ ಮೇಲೆ ಹಾಕುತ್ತದೆ, ದೋಷ ಬಂದರೂ ಬಾರದಿದ್ದರೂ ಕೊನೆಗೆ ಓಡುವ ಫೈನಲಿ ಭಾಗದಲ್ಲಿ ಬಟನ್ ಮತ್ತೆ ಸಕ್ರಿಯವಾಗುತ್ತದೆ. ಓದುವವನಿಗೆ ಇದು ಮೇಲಿನಿಂದ ಕೆಳಕ್ಕೆ ಹರಿಯುವ ಸಾಮಾನ್ಯ ಕೋಡ್. ಒಳಗೆ ನಡೆಯುವುದೇ ಬೇರೆ: ಅವೇಟ್ ಎದುರಾದ ಕೂಡಲೇ, ಕಾಯುತ್ತಿರುವ ಕೆಲಸ ಇನ್ನೂ ಮುಗಿದಿಲ್ಲವಾದರೆ, ಹ್ಯಾಂಡ್ಲರ್ ಅಲ್ಲಿಗೇ ಮರಳುತ್ತದೆ, ಯುಐ ಥ್ರೆಡ್ ತನ್ನ ಸರದಿಯತ್ತ ಹೋಗುತ್ತದೆ, ಮತ್ತು ಕೆಲಸ ಮುಗಿದಾಗ ಉಳಿದ ಭಾಗವನ್ನು ಸಿಂಕ್ರೊನೈಸೇಶನ್ ಕಾಂಟೆಕ್ಸ್ಟ್ ಎಂಬ ವ್ಯವಸ್ಥೆ ಅದೇ ಸರದಿಗೆ ಹೊಸ ಸಂದೇಶವಾಗಿ ಸೇರಿಸುತ್ತದೆ. ಮೂರನೆಯ ಸಾಲು ಯುಐ ಥ್ರೆಡ್‌ನಲ್ಲಿಯೇ ಓಡುವುದರಿಂದ ಬೇರೆ ಥ್ರೆಡ್‌ನಿಂದ ಪಟ್ಟಿಯನ್ನು ಮುಟ್ಟಿದ ದೋಷ ಬರುವುದಿಲ್ಲ. ಈ ಒಂದು ಗುಣಕ್ಕಾಗಿಯೇ ನಾನು ಇದನ್ನು ಯಾರಿಗಾದರೂ ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ಇನ್ನು ಕೊರತೆಗಳು. ಅವೇಟ್ ಹೊಸ ಥ್ರೆಡ್ ಅನ್ನು ಸೃಷ್ಟಿಸುವುದಿಲ್ಲ ಎಂಬ ವಿಷಯ ದಾಖಲೆಗಳಲ್ಲಿ ಸ್ಪಷ್ಟವಾಗಿಯೇ ಇದೆ, ಆದರೂ ಅದು ಎಷ್ಟು ಮಂದಿಯ ತಲೆಗೆ ಇಳಿದಿದೆ ಎಂಬುದು ಅನುಮಾನ. ಅಸಿಂಕ್ ಎಂದು ಗುರುತು ಮಾಡಿದ ವಿಧಾನವು (ಮೆಥಡ್) ಮೊದಲ ಅಪೂರ್ಣ ಅವೇಟ್ ಸಿಗುವವರೆಗೆ ಕರೆದವರ ಥ್ರೆಡ್‌ನಲ್ಲಿಯೇ ಓಡುತ್ತದೆ. ಫೋಟೊವನ್ನು ಬಿಡಿಸಿ ಕುಗ್ಗಿಸುವ ಕೆಲಸ ಪ್ರೊಸೆಸರ್‌ನ ದುಡಿಮೆ. ಅದನ್ನು ಅಸಿಂಕ್ ವಿಧಾನದೊಳಗೆ ಬರೆದ ಮಾತ್ರಕ್ಕೆ ಪರದೆ ಹಗುರವಾಗುವುದಿಲ್ಲ. ಅದನ್ನು ಟಾಸ್ಕ್.ರನ್ ಮೂಲಕ ಥ್ರೆಡ್ ಪೂಲ್‌ಗೆ (ಹಿನ್ನೆಲೆ ಥ್ರೆಡ್‌ಗಳ ಗುಂಪಿಗೆ) ಕಳಿಸಿ, ಫಲಿತಾಂಶಕ್ಕೆ ಮಾತ್ರ ಅವೇಟ್ ಮಾಡಬೇಕು. ಇಷ್ಟು ತಿಳಿದವರೂ ಎಡವುವ ಇನ್ನೊಂದು ಜಾಗವಿದೆ. ಹೆಸರಿನ ಕೊನೆಯಲ್ಲಿ ಅಸಿಂಕ್ ಎಂದಿರುವ ವಿಧಾನಗಳೆಲ್ಲ ನಿಜಕ್ಕೂ ಅಸಿಂಕ್ರೋನಸ್ (ಕರೆದವರನ್ನು ಕಾಯಿಸದೆ ಮರಳುವಂಥವು) ಆಗಿರುವುದಿಲ್ಲ. ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್‌ಗೆ ಅಸಿಂಕ್ರೋನಸ್ ಓದು ಬರಹದ ಸೌಲಭ್ಯವೇ ಇಲ್ಲವಾದ್ದರಿಂದ ಮೈಕ್ರೋಸಾಫ್ಟ್‌ನದೇ ಆದ ಎಸ್‌ಕ್ಯುಲೈಟ್ ಲೈಬ್ರರಿಯಲ್ಲಿ ಅಂಥ ವಿಧಾನಗಳು ಸಿಂಕ್ರೋನಸ್ ಆಗಿಯೇ ಓಡುತ್ತವೆ. ಹೀಗೆಂದು ಅದರ ದಾಖಲೆಯೇ ಹೇಳುತ್ತದೆ. ನಮ್ಮ ಫೋಟೊ ತಂತ್ರಾಂಶದಲ್ಲಿ ಸಾವಿರಾರು ಸಾಲುಗಳನ್ನು ಡೇಟಾಬೇಸ್‌ಗೆ ಬರೆಯುವ ಹೊತ್ತಿಗೆ, ಪ್ರತಿ ಸಾಲಿನ ಮುಂದೆಯೂ ಅವೇಟ್ ಇದ್ದರೂ, ವಿಂಡೋ ಅಲುಗಾಡದೆ ನಿಲ್ಲುವುದು ಇದೇ ಕಾರಣಕ್ಕೆ. ಹಳೆಯ ಎಚ್‌ಟಿಟಿಪಿ‌ವೆಬ್‌ರಿಕ್ವೆಸ್ಟ್‌ನ ಬಿಗಿನ್‌ಗೆಟ್‌ರೆಸ್ಪಾನ್ಸ್ ಕೂಡ ಡಿಎನ್‌ಎಸ್ ಹುಡುಕಾಟ, ಪ್ರಾಕ್ಸಿ ಪತ್ತೆ ಮೊದಲಾದ ಪೂರ್ವಸಿದ್ಧತೆಗಳನ್ನು ಸಿಂಕ್ರೋನಸ್ ಆಗಿ ಮುಗಿಸಿಯೇ ಮರಳುತ್ತಿತ್ತು, ಆದ್ದರಿಂದ ಅದನ್ನು ಯುಐ ಥ್ರೆಡ್‌ನಿಂದ ಕರೆಯಬಾರದೆಂಬ ಎಚ್ಚರಿಕೆ ಅದರ ದಾಖಲೆಯಲ್ಲಿತ್ತು. ಹೆಸರನ್ನು ನಂಬದೆ ಒಳಗೆ ಏನು ನಡೆಯುತ್ತದೆಂದು ನೋಡುವ ಅಭ್ಯಾಸವನ್ನು ಈ ಸೌಲಭ್ಯ ಕಲಿಸುವುದಿಲ್ಲ. ಅದನ್ನು ಹೊರಗಿನಿಂದ ತರಬೇಕಾಗುತ್ತದೆ.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವ, ಆದರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ದೋಷ ಸರದಿಯ ದರ್ಜೆಗೆ ಸಂಬಂಧಿಸಿದ್ದು. ಡಬ್ಲ್ಯೂಪಿಎಫ್‌ನ ಡಿಸ್ಪ್ಯಾಚರ್, ಅಂದರೆ ಯುಐ ಥ್ರೆಡ್‌ನ ಸರದಿಯನ್ನು ನಡೆಸುವ ಭಾಗ, ಬಂದವರನ್ನು ಬಂದ ಕ್ರಮದಲ್ಲೇ ಒಳಬಿಡುವುದಿಲ್ಲ. ಪ್ರತಿ ಕೆಲಸಕ್ಕೂ ಒಂದು ದರ್ಜೆ ಇರುತ್ತದೆ, ಹೆಚ್ಚಿನ ದರ್ಜೆಯದು ಮೊದಲು ಓಡುತ್ತದೆ. ಬ್ಯಾಕ್‌ಗ್ರೌಂಡ್ ದರ್ಜೆಯ ಬೆಲೆ 4, ಇನ್‌ಪುಟ್ 5, ರೆಂಡರ್ 7, ನಾರ್ಮಲ್ 9, ಸೆಂಡ್ 10. ಅವೇಟ್ ಮುಗಿದ ನಂತರದ ಭಾಗ ಸಾಮಾನ್ಯವಾಗಿ ಸರದಿಗೆ ಸೇರುವುದು ಇನ್‌ಪುಟ್ ಮತ್ತು ರೆಂಡರ್ ಎರಡಕ್ಕೂ ಮೇಲಿನ ದರ್ಜೆಯಲ್ಲಿ. ಅಂದರೆ ಸಣ್ಣ ಸಣ್ಣ ಅವೇಟ್‌ಗಳ ಒಂದು ಉದ್ದದ ಲೂಪ್ ಇದ್ದು, ಪ್ರತಿ ಸಲವೂ ಮುಂದಿನ ಭಾಗ ತಕ್ಷಣ ಸಿದ್ಧವಾಗುತ್ತಿದ್ದರೆ, ಪರದೆ ಮತ್ತೆ ಚಿತ್ರಿಸಿಕೊಳ್ಳಲು ಮತ್ತು ಮೌಸ್ ಕ್ಲಿಕ್ ಓದಿಕೊಳ್ಳಲು ಸರದಿ ಬರುವುದೇ ಇಲ್ಲ. ಕೋಡ್ ನೋಡಿದರೆ ಎಲ್ಲವೂ ಅಸಿಂಕ್ರೋನಸ್, ಪರದೆ ನೋಡಿದರೆ ಕಲ್ಲು. ಇಂಥ ಕಡೆಯಲ್ಲಿ ‘ನಡುನಡುವೆ ಟಾಸ್ಕ್.ಯೀಲ್ಡ್ ಹಾಕಿ ಸರದಿ ಬಿಟ್ಟುಕೊಡಿ’ ಎಂಬ ಸಲಹೆ ಬಹಳ ಕೇಳಿಬರುತ್ತದೆ. ಅದು ಇಲ್ಲಿ ನಿಷ್ಪ್ರಯೋಜಕ, ಏಕೆಂದರೆ ಯೀಲ್ಡ್ ಕೂಡ ಅದೇ ಮೇಲಿನ ದರ್ಜೆಯಲ್ಲಿ ಸರದಿಗೆ ಮರಳುತ್ತದೆ. ಪರದೆಯನ್ನು ಚುರುಕಾಗಿಡಲು ಇದನ್ನು ನೆಚ್ಚಬೇಡಿ ಎಂದು ಟಾಸ್ಕ್.ಯೀಲ್ಡ್‌ನ ಅಧಿಕೃತ ವಿವರಣೆಯೇ ಹೇಳುತ್ತದೆ. ಬೇಕಾದದ್ದು ಡಿಸ್ಪ್ಯಾಚರ್.ಯೀಲ್ಡ್. ಅದು ಬೇರೆ ಸೂಚನೆ ಇಲ್ಲದಿದ್ದರೆ ಬ್ಯಾಕ್‌ಗ್ರೌಂಡ್ ದರ್ಜೆಗೆ ಇಳಿದು, ಬಾಕಿ ಇರುವ ಕ್ಲಿಕ್ಕುಗಳಿಗೂ ಚಿತ್ರಣಕ್ಕೂ ದಾರಿ ಬಿಟ್ಟು, ಆಮೇಲೆ ಮುಂದುವರಿಯುತ್ತದೆ. ಎರಡು ವಿಧಾನಗಳ ಹೆಸರೂ ಒಂದೇ, ಪರಿಣಾಮ ತದ್ವಿರುದ್ಧ.

ಪ್ರಗತಿಯನ್ನು ತೋರಿಸುವ ಪ್ರೋಗ್ರೆಸ್ ವರ್ಗಕ್ಕೂ ಇದೇ ಕಾಯಿಲೆ ಇದೆ. ಯುಐ ಥ್ರೆಡ್‌ನಲ್ಲಿ ಅದನ್ನು ಸೃಷ್ಟಿಸಿ ಹಿನ್ನೆಲೆ ಕೆಲಸಕ್ಕೆ ಕೊಟ್ಟರೆ, ಪ್ರತಿ ವರದಿಯೂ ತಾನಾಗಿ ಯುಐ ಥ್ರೆಡ್‌ಗೆ ಬರುತ್ತದೆ. ಬಳಸಲು ಅಷ್ಟು ಹಿತವಾದ ವಸ್ತು ಈ ಇಡೀ ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ. ಆದರೆ ವರದಿ ಮಾಡುವವನು ಉತ್ತರಕ್ಕೆ ಕಾಯುವುದಿಲ್ಲವಾದ್ದರಿಂದ, ಹಿನ್ನೆಲೆಯ ಬಿಗಿ ಲೂಪ್ ಒಂದು ಸೆಕೆಂಡಿನಲ್ಲಿ ಸಾವಿರಾರು ವರದಿಗಳನ್ನು ಸುರಿದರೆ ಅಷ್ಟೂ ಸರದಿಯಲ್ಲಿ ರಾಶಿ ಬೀಳುತ್ತವೆ. ಹಿನ್ನೆಲೆ ಕೆಲಸ ಮುಗಿದರೂ ಪ್ರಗತಿಪಟ್ಟಿ ಆ ರಾಶಿಯನ್ನು ಕರಗಿಸುವವರೆಗೆ ತೆವಳುತ್ತಲೇ ಇರುತ್ತದೆ. ಹತ್ತು ಮಿಲಿಸೆಕೆಂಡಿಗೊಮ್ಮೆ ಬಂದ ಎಲ್ಲ ವರದಿಗಳನ್ನೂ ಯಾವ ಕಣ್ಣೂ ಬೇರೆ ಬೇರೆಯಾಗಿ ಓದಲಾರದು. ಸೆಕೆಂಡಿಗೆ ಹತ್ತು ಹದಿನೈದು ವರದಿಗಳು ಧಾರಾಳ ಸಾಕು. ಆ ಮಿತಿಯನ್ನು ಚೌಕಟ್ಟು ತಾನೇ ಹಾಕಿಕೊಡಬಹುದಿತ್ತು. ಹಾಕಿಲ್ಲ.

ಡೆಡ್‌ಲಾಕ್‌ನ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಯುಐ ಥ್ರೆಡ್‌ನಲ್ಲಿ ನಿಂತು ಟಾಸ್ಕ್‌ನ (ನಡೆಯುತ್ತಿರುವ ಅಸಿಂಕ್ ಕೆಲಸವನ್ನು ಪ್ರತಿನಿಧಿಸುವ ವಸ್ತುವಿನ) ರಿಸಲ್ಟ್ ಅಥವಾ ವೇಟ್ ಕರೆದರೆ ಆ ಥ್ರೆಡ್ ಅಲ್ಲಿಯೇ ನಿಲ್ಲುತ್ತದೆ. ಟಾಸ್ಕ್ ಮುಗಿಯಲು ಅದರ ಉಳಿದ ಭಾಗ ಅದೇ ಥ್ರೆಡ್‌ನಲ್ಲಿ ಓಡಬೇಕು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತಾರೆ. ಲೈಬ್ರರಿ ಬರೆಯುವವರು ಕಾನ್ಫಿಗರ್‌ಅವೇಟ್‌ಗೆ ಫಾಲ್ಸ್ ಕೊಟ್ಟು, ಅಂದರೆ ಉಳಿದ ಭಾಗ ಮೊದಲಿನ ಥ್ರೆಡ್‌ಗೆ ಮರಳಬೇಕಿಲ್ಲ ಎಂದು ಹೇಳಿ, ಇದರಿಂದ ಪಾರಾಗಬಹುದಾದರೂ ಅದನ್ನು ಒಂದೂ ಬಿಡದೆ ಪ್ರತಿ ಅವೇಟ್‌ನಲ್ಲೂ ಬರೆಯಬೇಕು. ಮೊದಲ ಅವೇಟ್‌ನ ಕೆಲಸ ಆಗಲೇ ಮುಗಿದಿದ್ದರೆ ಥ್ರೆಡ್ ಬದಲಾಗುವುದೇ ಇಲ್ಲ, ಆಗ ಎರಡನೆಯದರಲ್ಲಿ ಬಿಟ್ಟುಹೋದದ್ದು ಸಿಕ್ಕಿಹಾಕಿಸುತ್ತದೆ. ಪರದೆಯ ಕೋಡ್‌ನಲ್ಲಿ ಮಾತ್ರ ಇದನ್ನು ಬಳಸಬಾರದು, ಬಳಸಿದರೆ ಮುಂದಿನ ಸಾಲು ಪೂಲ್‌ನ ಯಾವುದೋ ಥ್ರೆಡ್‌ನಲ್ಲಿ ಓಡಿ ಬಟನ್ ಅನ್ನು ಮುಟ್ಟಲು ಹೋಗುತ್ತದೆ. ಡಬ್ಲ್ಯೂಪಿಎಫ್ ಅಲ್ಲಿಯೇ ತಕರಾರು ತೆಗೆದು ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯುತ್ತದೆ. ವಿನ್‌ಫಾರ್ಮ್ಸ್‌ನ ತಪಾಸಣೆ ಸಾಮಾನ್ಯವಾಗಿ ಡೀಬಗ್ಗರ್ ಜೋಡಿಸಿದ್ದಾಗ ಮಾತ್ರ ಜಾಗೃತವಾಗಿರುತ್ತದೆ. ಗ್ರಾಹಕನ ಕಂಪ್ಯೂಟರಿನಲ್ಲಿ ಅದೇ ತಪ್ಪು ಸದ್ದಿಲ್ಲದೆ ನಡೆದುಹೋಗಿ, ಯಾವಾಗಲೋ ಒಮ್ಮೆ ವಿಚಿತ್ರ ರೂಪದಲ್ಲಿ ಹೊರಬೀಳುತ್ತದೆ.

ಎಕ್ಸೆಪ್ಶನ್‌ಗಳ ವಿಷಯದಲ್ಲಿ ಈ ಸೌಲಭ್ಯ ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ, ಎರಡೂ ಅತಿರೇಕಗಳು. ಘಟನೆಗಳ ಹ್ಯಾಂಡ್ಲರ್‌ಗಳು ಏನನ್ನೂ ಮರಳಿಸುವಂತಿಲ್ಲವಾದ್ದರಿಂದ ಅವು ಅಸಿಂಕ್ ವಾಯ್ಡ್ (ಟಾಸ್ಕ್ ಅನ್ನು ಮರಳಿಸದ ಅಸಿಂಕ್ ವಿಧಾನ) ಆಗಿರಲೇಬೇಕು. ಅಲ್ಲಿ ಹಿಡಿಯದೆ ಬಿಟ್ಟ ದೋಷ ನೇರವಾಗಿ ಡಿಸ್ಪ್ಯಾಚರ್‌ಗೆ ಬಂದು, ಡಿಸ್ಪ್ಯಾಚರ್‌ಅನ್‌ಹ್ಯಾಂಡಲ್ಡ್‌ಎಕ್ಸೆಪ್ಶನ್ ಎಂಬ ಕೊನೆಯ ಬಾಗಿಲಲ್ಲೂ ಯಾರೂ ತಡೆಯದಿದ್ದರೆ, ಇಡೀ ತಂತ್ರಾಂಶವನ್ನು ಮುಚ್ಚಿಸುತ್ತದೆ. ಅತ್ತ ಟಾಸ್ಕ್ ಮರಳಿಸುವ ವಿಧಾನವನ್ನು ಅವೇಟ್ ಇಲ್ಲದೆ ಕರೆದು ಮರೆತರೆ ಅದರ ದೋಷ ಯಾರ ಕಿವಿಗೂ ಬೀಳುವುದಿಲ್ಲ. ಡಾಟ್‌ನೆಟ್ 4ರಲ್ಲಿ ಹೀಗೆ ಯಾರೂ ನೋಡದ ದೋಷ ಪ್ರೋಗ್ರಾಮ್ ಅನ್ನೇ ಉರುಳಿಸುತ್ತಿತ್ತು, 4.5ರಿಂದ ಅದನ್ನು ಸಡಿಲಿಸಲಾಯಿತು. ನನಗೆ ಆ ಹಳೆಯ ಕಟ್ಟುನಿಟ್ಟೇ ಇಷ್ಟ, ಆದರೆ ಈ ಅಭಿಪ್ರಾಯಕ್ಕೆ ಹೆಚ್ಚು ಬೆಂಬಲಿಗರಿಲ್ಲ ಎಂಬುದೂ ಗೊತ್ತು.

ಬಳಕೆದಾರನಿಗೆ ಪರದೆ ಸದಾ ತೆರೆದಿರುತ್ತದೆ ಎನ್ನುವುದು ವರವೂ ಹೌದು, ಹೊಸ ಜವಾಬ್ದಾರಿಯೂ ಹೌದು. ಸಿಂಕ್ರೋನಸ್ ಕಾಲದಲ್ಲಿ ವಿಂಡೋ ಹ್ಯಾಂಗ್ ಆಗಿರುತ್ತಿದ್ದ ಕಾರಣ ಅದೇ ಬಟನ್ ಅನ್ನು ಇನ್ನೊಮ್ಮೆ ಒತ್ತಿದರೂ ಎರಡು ಕೆಲಸಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತಿರಲಿಲ್ಲ. ಈಗ ಹೆಣೆದುಕೊಳ್ಳುತ್ತವೆ. ಒಂದು ಫೋಲ್ಡರ್‌ನ ಫೋಟೊಗಳು ಬರುತ್ತಿರುವಾಗಲೇ ಬಳಕೆದಾರ ಇನ್ನೊಂದು ಫೋಲ್ಡರ್ ಆರಿಸಿದರೆ, ಮೊದಲನೆಯದರ ಉತ್ತರ ತಡವಾಗಿ ಬಂದು ಎರಡನೆಯದರ ಪಟ್ಟಿಯ ಮೇಲೆ ಕುಳಿತುಬಿಡಬಹುದು. ಹೊಸ ಕೆಲಸ ಆರಂಭಿಸುವಾಗ ಹಳೆಯದರ ಕ್ಯಾನ್ಸಲೇಶನ್ ಟೋಕನ್‌ಗೆ ಸೂಚನೆ ಕೊಟ್ಟು, ಪ್ರತಿ ಅವೇಟ್‌ನ ನಂತರವೂ ‘ಇದು ಇನ್ನೂ ಬೇಕಾಗಿದೆಯೇ’ ಎಂದು ಪರೀಕ್ಷಿಸುವುದು ಪ್ರೋಗ್ರಾಮರನ ಹೊಣೆ. ಬಟನ್ ಮಟ್ಟದ ಪುನರಾವರ್ತನೆಗೆ ಮಾತ್ರ ಕಮ್ಯೂನಿಟಿ ಟೂಲ್‌ಕಿಟ್ ಎಂಬ ಲೈಬ್ರರಿಯ ಅಸಿಂಕ್‌ರಿಲೇಕಮಾಂಡ್ ಒಳ್ಳೆಯ ಪರಿಹಾರ: ಅದರ 8.0 ಆವೃತ್ತಿಯಿಂದ ಒಂದು ಓಟ ಮುಗಿಯುವವರೆಗೆ ಕಮಾಂಡ್ ತಾನಾಗಿ ನಿಷ್ಕ್ರಿಯವಾಗಿರುತ್ತದೆ.

ವಿಂಡೋ ಮುಚ್ಚುವ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಅವೇಟ್‌ನ ಮುಗ್ಧ ಮುಖಕ್ಕೂ ಅದರ ಒಳಗಿನ ನಡೆಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ‘ಉಳಿಸದ ಬದಲಾವಣೆಗಳಿವೆ’ ಎಂದು ಗೊತ್ತಾದಾಗ, ಕ್ಲೋಸಿಂಗ್ ಘಟನೆಯ ಹ್ಯಾಂಡ್ಲರ್‌ನಲ್ಲಿ ಮೊದಲು ಉಳಿಸುವ ವಿಧಾನವನ್ನು ಅವೇಟ್ ಮಾಡಿ, ಅದು ವಿಫಲವಾದರೆ ಕ್ಯಾನ್ಸಲ್‌ಗೆ ಟ್ರೂ ಕೊಡುವುದು ಯಾರಿಗಾದರೂ ಹೊಳೆಯುವ ಮಾರ್ಗ. ಅದು ನಡೆಯುವುದಿಲ್ಲ. ಅವೇಟ್ ಎದುರಾದ ಕೂಡಲೇ ಹ್ಯಾಂಡ್ಲರ್ ಮರಳಿರುತ್ತದೆ, ಡಬ್ಲ್ಯೂಪಿಎಫ್ ಆಗಲೇ ಕ್ಯಾನ್ಸಲ್‌ನ ಬೆಲೆಯನ್ನು ಓದಿ ವಿಂಡೋವನ್ನು ಮುಚ್ಚಿರುತ್ತದೆ, ಆಮೇಲೆ ಕೊಟ್ಟ ಟ್ರೂ ಖಾಲಿ ಮನೆಯ ಬಾಗಿಲಿಗೆ ಹಾಕಿದ ಬೀಗ. ಸರಿಯಾದ ಕ್ರಮವೆಂದರೆ ಮೊದಲೇ ಕ್ಯಾನ್ಸಲ್ ಮಾಡಿ, ಆಮೇಲೆ ಅವೇಟ್ ಮಾಡಿ, ಉಳಿಸಿದ ನಂತರ ಒಂದು ಗುರುತನ್ನು ಹೊಂದಿಸಿ ಕ್ಲೋಸ್ ಅನ್ನು ಮತ್ತೆ ಕರೆಯುವುದು. ಇದರಲ್ಲೂ ಒಂದು ಮೊಳೆ ಇದೆ: ಉಳಿಸುವ ಕೆಲಸ ತಕ್ಷಣವೇ ಮುಗಿದಿದ್ದರೆ ಅವೇಟ್ ನಿಲ್ಲುವುದಿಲ್ಲ, ಆಗ ಕ್ಲೋಸ್ ಕರೆಯುವುದು ಕ್ಲೋಸಿಂಗ್ ಘಟನೆಯ ಒಳಗಿನಿಂದಲೇ ಆಗುತ್ತದೆ, ಮತ್ತು ಮುಚ್ಚುತ್ತಿರುವ ವಿಂಡೋವನ್ನು ಮತ್ತೆ ಮುಚ್ಚಬಾರದೆಂದು ಡಬ್ಲ್ಯೂಪಿಎಫ್ ಎಕ್ಸೆಪ್ಶನ್ ಎಸೆಯುತ್ತದೆ. ನಡುವೆ ಒಂದು ಡಿಸ್ಪ್ಯಾಚರ್.ಯೀಲ್ಡ್ ಹಾಕಿದರೆ ಸರಿಹೋಗುತ್ತದೆ. ಪರೀಕ್ಷೆಯಲ್ಲಿ ನಿಧಾನವಾದ ಡಿಸ್ಕ್ ಇದ್ದರೆ ಈ ದೋಷ ಕಾಣದೆ ಉಳಿದು, ವೇಗದ ಯಂತ್ರದಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು ಎಂಬುದು ಇದರ ಕುಚೋದ್ಯ.

ದತ್ತಾಂಶವನ್ನು ಥ್ರೆಡ್‌ಗಳ ನಡುವೆ ದಾಟಿಸುವ ವಿಷಯದಲ್ಲಿ ಡಬ್ಲ್ಯೂಪಿಎಫ್ ಉದಾರಿ, ಆದರೆ ಒಂದೇ ನಿಯಮಕ್ಕೆ ಕಟ್ಟುಬಿದ್ದಿಲ್ಲ. ಹಿನ್ನೆಲೆ ಥ್ರೆಡ್‌ನಲ್ಲಿ ಒಂದು ಸಾಮಾನ್ಯ ಗುಣವನ್ನು ಬದಲಿಸಿ ಪ್ರಾಪರ್ಟಿಚೇಂಜ್ಡ್ (ಗುಣ ಬದಲಾಯಿತೆಂಬ ಸೂಚನೆ) ಹೊರಡಿಸಿದರೆ, ದತ್ತಾಂಶವನ್ನು ಪರದೆಗೆ ಜೋಡಿಸುವ ಬೈಂಡಿಂಗ್ ತಾನೇ ಅದನ್ನು ಯುಐ ಥ್ರೆಡ್‌ಗೆ ತಲುಪಿಸುತ್ತದೆ. ಅದೇ ಥ್ರೆಡ್‌ನಿಂದ ಪರದೆಯ ಪಟ್ಟಿಗೆ ಜೋಡಿಸಿದ ಅಬ್ಸರ್ವಬಲ್‌ಕಲೆಕ್ಷನ್‌ಗೆ ಒಂದು ಸಾಲು ಸೇರಿಸಿದರೆ ಎಕ್ಸೆಪ್ಶನ್. ಅದಕ್ಕೆ 4.5ರಲ್ಲಿ ಬಂದ ಎನೇಬಲ್‌ಕಲೆಕ್ಷನ್‌ಸಿಂಕ್ರೊನೈಸೇಶನ್ ಇದೆ. ಅದನ್ನು ಯುಐ ಥ್ರೆಡ್‌ನಲ್ಲಿಯೇ ಕರೆದು, ಕೊಟ್ಟ ಲಾಕ್ ಅನ್ನೇ ನಮ್ಮ ಕೋಡ್‌ನಲ್ಲೂ ಹಿಡಿಯಬೇಕು. ಕಿರುಚಿತ್ರಗಳಿಗೆ ಇರುವ ವ್ಯವಸ್ಥೆ ಇದಕ್ಕಿಂತ ಚೆನ್ನಾಗಿದೆ: ಹಿನ್ನೆಲೆಯಲ್ಲಿ ಬಿಟ್‌ಮ್ಯಾಪ್‌ಇಮೇಜ್ ಸೃಷ್ಟಿಸಿ, ಡಿಕೋಡ್‌ಪಿಕ್ಸೆಲ್‌ವಿಡ್ತ್ ಮೂಲಕ ಅಗಲವನ್ನು ಮೊದಲೇ ಕುಗ್ಗಿಸಿ, ಆನ್‌ಲೋಡ್ ಆಯ್ಕೆಯಿಂದ ಫೈಲನ್ನು ಅಲ್ಲಿಯೇ ಪೂರ್ತಿ ಓದಿಸಿ, ಫ್ರೀಜ್ ಕರೆದರೆ ಆ ಚಿತ್ರ ಬದಲಾಗದ ವಸ್ತುವಾಗುತ್ತದೆ ಮತ್ತು ಯಾವ ಥ್ರೆಡ್ ಬೇಕಾದರೂ ಅದನ್ನು ಬಳಸಬಹುದು. ಫ್ರೀಜ್ ಮರೆತರೆ ಅದು ಹುಟ್ಟಿದ ಥ್ರೆಡ್‌ಗೇ ಅಂಟಿಕೊಂಡಿರುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಭಾಗ ಇದು, ಯಾವ ಲಾಕ್ ಕೂಡ ಬೇಕಿಲ್ಲದ ಕಾರಣಕ್ಕೆ.

ಕೊಳ್ಳುವವರಿಗೆ, ಅಂದರೆ ಹೊಸ ಯೋಜನೆಗೆ ಇದನ್ನು ಆರಿಸುವವರಿಗೆ, ಇನ್ನೊಂದು ಸಲಹೆ. ವಿಷುಯಲ್ ಸ್ಟುಡಿಯೋದ ಥ್ರೆಡಿಂಗ್ ಲೈಬ್ರರಿಯ ಜೊತೆ ಬರುವ ಕೋಡ್ ತಪಾಸಕಗಳನ್ನು ಮೊದಲ ದಿನವೇ ಸೇರಿಸಿಕೊಳ್ಳಿ. ಸಿಂಕ್ರೋನಸ್ ಆಗಿ ಕಾಯುವುದನ್ನೂ ಅನಗತ್ಯ ಅಸಿಂಕ್ ವಾಯ್ಡ್ ಅನ್ನೂ ಅವು ಬರೆಯುವಾಗಲೇ ಗುರುತಿಸುತ್ತವೆ. ಸರದಿಯ ದರ್ಜೆಯ ತೊಂದರೆ, ಹೆಸರಿಗೆ ಮಾತ್ರ ಅಸಿಂಕ್ ಆಗಿರುವ ಲೈಬ್ರರಿಗಳು, ಪ್ರಗತಿ ವರದಿಗಳ ರಾಶಿ, ಇವು ಮೂರೂ ಅವುಗಳ ಕಣ್ಣಿಗೆ ಬೀಳುವುದಿಲ್ಲ. ವಿನ್‌ಫಾರ್ಮ್ಸ್‌ನಲ್ಲಿಯೇ ಉಳಿದವರಿಗೆ 2024ರ ನವೆಂಬರ್‌ನಲ್ಲಿ ಬಂದ ಡಾಟ್‌ನೆಟ್ 9 ಕೊನೆಗೂ ಕಂಟ್ರೋಲ್‌ಗಳ ಮೇಲೆ, ಯುಐ ಥ್ರೆಡ್‌ಗೆ ಕೆಲಸ ದಾಟಿಸಿ ಅವೇಟ್ ಮಾಡಬಹುದಾದ ಇನ್‌ವೋಕ್‌ಅಸಿಂಕ್ ಕೊಟ್ಟಿದೆ. ಡಬ್ಲ್ಯೂಪಿಎಫ್‌ನ ಡಿಸ್ಪ್ಯಾಚರ್‌ಗೆ ಅದೇ ಹೆಸರಿನ ವಿಧಾನ 4.5ರ ಕಾಲದಲ್ಲಿಯೇ ಬಂದಿತ್ತು. ಡಾಟ್‌ನೆಟ್ 9ರ ವಿನ್‌ಫಾರ್ಮ್ಸ್‌ನಲ್ಲಿ ಜೊತೆಗೆ ಬಂದ ಶೋಡೈಲಾಗ್‌ಅಸಿಂಕ್ ಆ ಆವೃತ್ತಿಯಲ್ಲಿ ಪ್ರಾಯೋಗಿಕ ಎಂಬ ಹಣೆಪಟ್ಟಿ ಹೊತ್ತೇ ಬಂದಿದೆ, ಆದ್ದರಿಂದ ಗ್ರಾಹಕರಿಗೆ ತಲುಪಿಸುವ ತಂತ್ರಾಂಶದಲ್ಲಿ ಅದನ್ನು ಬಳಸುವ ಮೊದಲು ತಮ್ಮ ಕೈಯಲ್ಲಿರುವ ಆವೃತ್ತಿಯಲ್ಲಿ ಆ ಹಣೆಪಟ್ಟಿ ತೆಗೆದಿದ್ದಾರೆಯೇ ಎಂದು ನೋಡಿಕೊಳ್ಳುವುದು ಒಳಿತು.